ಮರಳಿನ ಲೆಕ್ಕ ಬಿಡಿಸಿದ ಬ್ಯಾಗ್ನಾಲ್ಡ್

ಭಾನುವಾರ ಬೆಳಿಗ್ಗೆ ಕನಕಪುರ ರಸ್ತೆಯಲ್ಲೋ ಮಾಗಡಿ ರಸ್ತೆಯಲ್ಲೋ ಬಸ್ಸಿಗೆ ಕಾದಿರುವವರು ಇದನ್ನ ನೋಡೇ ಇರ್ತೀರಿ. ಬೆಂಗಳೂರು ಕಡೆಯಿಂದ ನಾಲ್ಕೈದು ಥಾರ್, ಒಂದೆರಡು ಜಿಪ್ಸಿ, ಒಂದು ಹಳೇ ಜೀಪು ಸಾಲಾಗಿ ಬರುತ್ತವೆ. ಡಾಂಬರು ಬಿಟ್ಟು ಬಂಡೆ, ಹಳ್ಳ, ಕೆಸರು ಹುಡುಕಿಕೊಂಡು ಹೋಗುವ ಆಫ್‌ರೋಡ್ ಗುಂಪುಗಳು. ಕೆಲವು ಗಾಡಿಗಳ ಟಾಪಿನ ಮೇಲೆ ಕಿತ್ತಳೆ ಬಣ್ಣದ, ಹಲ್ಲು ಹಲ್ಲಾದ ಉದ್ದನೆಯ ಹಲಗೆ ಕಟ್ಟಿರುತ್ತಾರೆ. ಚಕ್ರ ಹೂತುಕೊಂಡಾಗ ಅದನ್ನ ಚಕ್ರದ ಬುಡಕ್ಕೆ ತುರುಕಿ ಗಾಡಿ ಹೊರಗೆ ತರೋದು. ಇದೇನು ಇವತ್ತಿನ ಐಡಿಯಾ ಅಲ್ಲ. ಸುಮಾರು ನೂರು ವರ್ಷದ ಹಿಂದೆ ಕೈರೋದ ಒಂದು ಗುಜರಿ ಅಂಗಡಿಯಲ್ಲಿ ಒಬ್ಬ ಬ್ರಿಟಿಷ್ ಸೇನಾ ಎಂಜಿನಿಯರ್ ಕಣ್ಣಿಗೆ ಬಿದ್ದ ಉಕ್ಕಿನ ತಗಡಿನ ಮೊಮ್ಮಗು ಅದು.

ಆ ಎಂಜಿನಿಯರ್ ಹೆಸರು ರಾಲ್ಫ್ ಆಲ್ಜರ್ ಬ್ಯಾಗ್ನಾಲ್ಡ್. ನಮ್ಮ ಸಿವಿಲ್ ಸೀನಿಯರ್‌ಗಳಿಗೆ ನದಿಯ ಹೂಳಿನ ಪಾಠದಲ್ಲಿ ಈ ಹೆಸರು ಸಿಕ್ಕಿರಬಹುದು. ಮೆಕ್ಯಾನಿಕಲ್‌ನವರಿಗೆ ಸಿಗಲ್ಲ, ಆದರೆ ಸಿಗಬೇಕಿತ್ತು. ಯಾಕಂದ್ರೆ ಈ ಮನುಷ್ಯ ಮೊದಲು ಗೆಳೆಯರನ್ನ ಕಟ್ಟಿಕೊಂಡು ಸಾದಾ ಫೋರ್ಡ್ ಕಾರುಗಳಲ್ಲಿ ಮರಳುಗಾಡಿನ ದಿಬ್ಬ ಹತ್ತಿದರು, ಆಮೇಲೆ ಹತ್ತಿದ್ದು ಹೇಗೆ ಅಂತ ಲೆಕ್ಕ ಹಾಕಿದರು. ಎರಡನ್ನೂ ಮಾಡಿದವರು ತುಂಬಾ ಕಮ್ಮಿ.

ಬ್ಯಾಗ್ನಾಲ್ಡ್ ಹುಟ್ಟಿದ್ದು 1896ರ ಏಪ್ರಿಲ್ 3ರಂದು, ಇಂಗ್ಲೆಂಡಿನ ಡೆವನ್‌ಪೋರ್ಟ್‌ನಲ್ಲಿ. ಅಪ್ಪ ಕೂಡ ಸೇನೆಯ ರಾಯಲ್ ಎಂಜಿನಿಯರ್ಸ್‌ನಲ್ಲಿ ಕರ್ನಲ್. ಬಾಲ್ಯದ ಸ್ವಲ್ಪ ಭಾಗ ಜಮೈಕಾದಲ್ಲಿ ಕಳೆಯಿತು. ಅಕ್ಕ ಈನಿಡ್ ಬ್ಯಾಗ್ನಾಲ್ಡ್ ಮುಂದೆ ದೊಡ್ಡ ಲೇಖಕಿಯಾದರು. ಕುದುರೆ ಓಟದ ಹುಡುಗಿಯ ಕಥೆ 'ನ್ಯಾಷನಲ್ ವೆಲ್ವೆಟ್' ಅವರದ್ದೇ. ತಮ್ಮ ಅಪ್ಪನ ದಾರಿಯಲ್ಲೇ ಹೋಗಿ 1915ರಲ್ಲಿ ಸೇನೆ ಸೇರಿದರು. ಆಗ ವಯಸ್ಸು ಹತ್ತೊಂಬತ್ತು, ಅಂದರೆ ನಮ್ಮ ವಯಸ್ಸು. ನಾವು ಇಂಟರ್ನಲ್ಸ್‌ಗೆ ಹೆದರುವ ವಯಸ್ಸಿನಲ್ಲಿ ಅವರು ಫ್ರಾನ್ಸಿನ ಕಂದಕಗಳಲ್ಲಿದ್ದರು. ಸೋಮ್, ಈಪ್ರ್, ಪ್ಯಾಷೆಂಡೇಲ್, ಮೂರೂ ಕಡೆ ಇದ್ದು ಜೀವಂತವಾಗಿ ಬಂದರು. ಯುದ್ಧ ಮುಗಿದ ಮೇಲೆ ಕೇಂಬ್ರಿಡ್ಜ್‌ಗೆ ಹೋಗಿ ಎಂಜಿನಿಯರಿಂಗ್ ಓದಿ, 1921ರಲ್ಲಿ ಡಿಗ್ರಿ ತಗೊಂಡು ಮತ್ತೆ ಸೇನೆಗೇ ಮರಳಿದರು. ಈ ಸಲ ಸಿಗ್ನಲ್ಸ್ ವಿಭಾಗ.

1926ರಲ್ಲಿ ಕೈರೋಗೆ ಪೋಸ್ಟಿಂಗ್ ಆಯಿತು. ಅಲ್ಲಿನ ಬ್ರಿಟಿಷ್ ಅಧಿಕಾರಿಗಳಿಗೆ ಬೇಕಾದಷ್ಟು ಬಿಡುವು. ಪೋಲೋ, ಕ್ಲಬ್ಬು, ಪಾರ್ಟಿ. ಬ್ಯಾಗ್ನಾಲ್ಡ್‌ಗೆ ಅದು ಹಿಡಿಸಲಿಲ್ಲ. ಅವರ ಹತ್ತಿರ ಒಂದು ಫೋರ್ಡ್ ಮಾಡೆಲ್ ಟಿ ಇತ್ತು. ಇಪ್ಪತ್ತು ಹಾರ್ಸ್‌ಪವರ್ ಎಂಜಿನ್, ಹಿಂದಿನ ಎರಡು ಚಕ್ರಕ್ಕೆ ಮಾತ್ರ ಶಕ್ತಿ, ಸೈಕಲ್ ಟಯರಿನ ಅಣ್ಣನ ಹಾಗಿರುವ ಕಿರಿದಾದ ಟಯರು. ಇವತ್ತು ನಮ್ಮ ಊರಲ್ಲಿ ಓಡುವ ಸ್ಕೂಟರ್‌ಗಳೇ ಹತ್ತು ಹಾರ್ಸ್‌ಪವರ್ ಹತ್ತಿರ ಇರುತ್ತವೆ. ಆ ಕಾರಲ್ಲೇ ಗೆಳೆಯರ ಜೊತೆ ಮೊದಲು ಸಿನಾಯ್ ಕಡೆ, ಆಮೇಲೆ ಪಶ್ಚಿಮಕ್ಕೆ ಸೀವಾ ಓಯಸಿಸ್ ತನಕ ಹೋಗಿಬಂದರು. ಯಾರೂ ಕಳಿಸಿದ್ದಲ್ಲ. ರಜೆ ಅವರದ್ದೇ, ದುಡ್ಡು ಅವರವರದ್ದೇ, ಮೇಲಿನವರ ಅನುಮತಿ ಮಾತ್ರ ಬೇಕಿತ್ತು. ನಾವು ಟ್ರಿಪ್‌ಗೆ ದುಡ್ಡು ಒಟ್ಟು ಹಾಕ್ತೀವಲ್ಲ, ಅದೇ ಲೆಕ್ಕ.

ಸೀವಾದ ದಕ್ಷಿಣಕ್ಕೆ ನೋಡಿದರೆ ಮಹಾ ಮರಳು ಸಮುದ್ರ. ಈಜಿಪ್ಟ್ ಮತ್ತು ಲಿಬಿಯಾ ನಡುವೆ ಸುಮಾರು 72,000 ಚದರ ಕಿಲೋಮೀಟರ್. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕನ್ನೂ ಸೇರಿಸಿದರೆ ಮೂರೂವರೆ ಸಾವಿರ ಚದರ ಕಿಲೋಮೀಟರ್ ಆಗುತ್ತೆ. ಅಂಥ ಇಪ್ಪತ್ತು ಜಿಲ್ಲೆ ಜೋಡಿಸಿ, ಎಲ್ಲೂ ಒಂದು ಮರ ಇಲ್ಲದ ಹಾಗೆ ಮರಳು ಸುರಿದ ಹಾಗೆ. ದಿಬ್ಬಗಳು ಉತ್ತರದಿಂದ ದಕ್ಷಿಣಕ್ಕೆ ನೂರಾರು ಕಿಲೋಮೀಟರ್ ಉದ್ದ ಸಾಲು ಸಾಲಾಗಿ ಮಲಗಿವೆ, ಕೆಲವು ನೂರು ಮೀಟರ್ ಎತ್ತರ. ಇದರ ಅಂಚಿನಲ್ಲಿ ಒಂಟೆ ಸವಾರರು ಶತಮಾನಗಳಿಂದ ಓಡಾಡಿದ್ದರು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಫೋರ್ಡ್ ಕಾರಿನ ಗಸ್ತು ಪಡೆಗಳೂ ಓಡಾಡಿದ್ದವು, ಆದರೆ ದಿಬ್ಬ ಬಂದರೆ ಸುತ್ತು ಹಾಕುತ್ತಿದ್ದವು. 1923ರಲ್ಲಿ ಈಜಿಪ್ಟಿನವರೇ ಆದ ಅಹ್ಮದ್ ಹಸ್ಸನೈನ್ ಒಂಟೆಗಳ ಮೇಲೆ ಕುಫ್ರಾ ದಾಟಿ ಸುಡಾನ್‌ವರೆಗೆ ಹೋಗಿದ್ದರು. ಈಜಿಪ್ಟಿನ ರಾಜಕುಮಾರ ಕೆಮಾಲ್ ಅಲ್ ದೀನ್ ಟ್ರ್ಯಾಕ್ಟರಿನಂಥ ಪಟ್ಟಿ ಇರುವ ಸಿಟ್ರೊಯೆನ್ ಗಾಡಿಗಳಲ್ಲಿ ಹೋಗಿದ್ದರು. ಇದನ್ನ ಹೇಳಲೇಬೇಕು, ಇಲ್ಲಾಂದ್ರೆ ಬಿಳಿಯರು ಬರೋವರೆಗೂ ಅಲ್ಲಿ ಯಾರೂ ಕಾಲಿಟ್ಟಿರಲಿಲ್ಲ ಅನ್ನೋ ಹಾಗಾಗುತ್ತೆ. ಆದರೆ ಸಾಮಾನ್ಯ ಚಕ್ರದ ಕಾರಿನಲ್ಲಿ ದಿಬ್ಬಗಳ ಮಧ್ಯೆಯೇ ದಾಟಬಹುದು ಅಂತ ಯಾರೂ ನಂಬಿರಲಿಲ್ಲ.

ಈ ಮಧ್ಯೆ ಬ್ಯಾಗ್ನಾಲ್ಡ್‌ಗೆ ಭಾರತಕ್ಕೆ ವರ್ಗ ಆಯಿತು. 1928ರಿಂದ 1931ರವರೆಗೆ ವಾಯವ್ಯ ಗಡಿಯ ವಜೀರಿಸ್ತಾನದ ಕಡೆ ಇದ್ದರು. ಅವರು ಇಲ್ಲಿಗೆ ಬಂದದ್ದು ನಮ್ಮನ್ನ ಆಳುತ್ತಿದ್ದ ಸೇನೆಯ ಅಧಿಕಾರಿಯಾಗಿ, ಅದನ್ನ ಮರೆಯೋ ಹಾಗಿಲ್ಲ. ಮರಳಿನ ಹುಚ್ಚು ಮಾತ್ರ ಬಿಡಲಿಲ್ಲ. 1929ರಲ್ಲಿ ರಜೆ ಹಾಕಿ ಭಾರತದಿಂದ ಈಜಿಪ್ಟಿಗೆ ಹೋಗಿ ಗೆಳೆಯರನ್ನ ಸೇರಿಕೊಂಡು ಮರಳು ಸಮುದ್ರದೊಳಗೆ ನುಗ್ಗಿದರು. 1930ರಲ್ಲಿ ಮತ್ತೆ. 1932ರಲ್ಲಿ ಇನ್ನೂ ದೊಡ್ಡ ಪ್ರಯಾಣ, ಸುಡಾನ್ ಮೂಲಕ ಇವತ್ತಿನ ಚಾಡ್ ದೇಶದ ಮೌರ್ದಿ ತಗ್ಗಿನವರೆಗೆ. ಬಿಲ್ ಕೆನಡಿ ಶಾ, ಗೈ ಪ್ರೆಂಡರ್‌ಗಾಸ್ಟ್, ಡಗ್ಲಸ್ ನ್ಯೂಬೋಲ್ಡ್ ಇಂಥವರು ಬೇರೆ ಬೇರೆ ಸಲ ಜೊತೆಗಿದ್ದರು.

ಆ ಗಾಡಿಗಳನ್ನ ಅವರು ಹೇಗೆ ತಯಾರು ಮಾಡಿದರು ಅನ್ನೋದೇ ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾದ ಭಾಗ. ಅದಕ್ಕೆ ಸ್ವಲ್ಪ ಉದ್ದ ಬರೀತೀನಿ.

ಮೊದಲ ತೊಂದರೆ ತೂಕ. ಮಾಡೆಲ್ ಟಿ ಹೋಗಿ ಮಾಡೆಲ್ ಎ ಬಂದಿತ್ತು, ನಲವತ್ತು ಹಾರ್ಸ್‌ಪವರ್. ಅದರ ಬಾಡಿ ಕಿತ್ತು ಹಾಕಿ, ಹಗುರ ಮರದ ಪೆಟ್ಟಿಗೆ ಕೂರಿಸಿದರು. ಬಾನೆಟ್ಟು, ಮಡ್‌ಗಾರ್ಡು, ಗಾಜು, ಬೇಡದ್ದೆಲ್ಲ ಹೊರಗೆ. ಆ ಜಾಗಕ್ಕೆ ಪೆಟ್ರೋಲ್ ಡಬ್ಬ, ನೀರು, ಊಟ.

ಎರಡನೇದು ನೀರು. ಮೆತ್ತನೆಯ ಮರಳಲ್ಲಿ ಫಸ್ಟ್ ಗೇರಲ್ಲಿ ಎಳೆದರೆ ರೇಡಿಯೇಟರ್ ಕುದಿಯುತ್ತೆ. ಆವಿ ಹೊರಗೆ ಹೋದರೆ ನೀರು ಖಾಲಿ. ಕುಡಿಯೋ ನೀರನ್ನೇ ರೇಡಿಯೇಟರ್‌ಗೆ ಹಾಕಿದರೆ ಮನುಷ್ಯರು ಖಾಲಿ. ಇದಕ್ಕೆ ಅವರು ಬಳಸಿದ ಉಪಾಯ ಎಷ್ಟು ಸರಳ ಅಂದರೆ ನಮ್ಮ ಥರ್ಮೋ ಲ್ಯಾಬ್‌ನಲ್ಲಿ ಒಂದು ಮಧ್ಯಾಹ್ನದಲ್ಲಿ ಮಾಡಿ ತೋರಿಸಬಹುದು. ರೇಡಿಯೇಟರ್‌ನ ಬಾಯಿ ಮುಚ್ಚಿ, ಆವಿ ಹೋಗುವ ಕೊಳವೆಯನ್ನ ಕಾರಿನ ಪಕ್ಕದ ಮೆಟ್ಟಿಲ ಮೇಲೆ ಕೂರಿಸಿದ ಒಂದು ಡಬ್ಬಕ್ಕೆ ಇಳಿಬಿಟ್ಟರು. ಡಬ್ಬದಲ್ಲಿ ಅರ್ಧ ನೀರು. ಆವಿ ಆ ನೀರಿನೊಳಗೆ ಬಂದು ತಣ್ಣಗಾಗಿ ನೀರೇ ಆಗುತ್ತೆ. ಡಬ್ಬದ ನೀರೂ ಕುದಿಯೋಕೆ ಶುರುವಾದರೆ ಗಾಡಿಯನ್ನ ಗಾಳಿಗೆ ಮುಖ ಮಾಡಿ ನಿಲ್ಲಿಸೋದು. ಎಂಜಿನ್ ತಣಿದಾಗ ರೇಡಿಯೇಟರ್ ಒಳಗೆ ಒತ್ತಡ ಬಿದ್ದು, ಡಬ್ಬದ ನೀರು ತಾನಾಗೇ ವಾಪಸ್ ಹೀರಿಕೊಂಡು ಹೋಗುತ್ತೆ. ಇವತ್ತು ಕಾರಿನ ಬಾನೆಟ್ ಎತ್ತಿದರೆ ಕಾಣುವ ಕೂಲಂಟ್ ಡಬ್ಬ ಕೂಡ ಇದೇ ತತ್ವದ್ದು.

ಮೂರನೇದು ದಿಕ್ಕು. ಕಾರು ಅಂದರೆ ಕಬ್ಬಿಣ, ಒಳಗೆ ಕಾಂತದ ದಿಕ್ಸೂಚಿ ಇಟ್ಟರೆ ಅದು ಹೇಳೋದೆಲ್ಲ ಸುಳ್ಳು. ಪ್ರತಿ ಸಲ ಇಳಿದು ದೂರ ನಡೆದು ನೋಡಿ ಬರೋಕಾಗಲ್ಲ. ಹಾಗಾಗಿ ಸೂರ್ಯನ ದಿಕ್ಸೂಚಿ. ಡಿಗ್ರಿ ಗುರುತು ಇರುವ ಒಂದು ಅಡ್ಡ ತಟ್ಟೆ, ಮಧ್ಯೆ ನೆಟ್ಟಗೆ ನಿಂತ ಒಂದು ಸೂಜಿ. ಸೂಜಿಯ ನೆರಳು ಎಲ್ಲಿ ಬೀಳಬೇಕು ಅಂತ ಗಂಟೆಗೆ ತಕ್ಕ ಹಾಗೆ ಮೊದಲೇ ಲೆಕ್ಕ ಮಾಡಿಕೊಂಡಿದ್ದರೆ, ಡ್ರೈವರ್ ನೆರಳನ್ನ ಆ ಗುರುತಿನ ಮೇಲೆ ಇಟ್ಟುಕೊಂಡು ಓಡಿಸಿದರೆ ಸಾಕು. ಹಿಂದಿನ ಗಸ್ತು ಪಡೆಯವರ ಹತ್ತಿರ ಇಂಥದ್ದು ಇತ್ತು. ಬ್ಯಾಗ್ನಾಲ್ಡ್ ಅದನ್ನ ಓಡುವ ಕಾರಿಗೆ ಒಗ್ಗುವ ಹಾಗೆ ಸುಧಾರಿಸಿದರು. ರಾತ್ರಿ ಥಿಯೋಡೊಲೈಟ್ ಇಟ್ಟು ನಕ್ಷತ್ರ ನೋಡಿ, ರೇಡಿಯೋದಲ್ಲಿ ಬರುವ ಟೈಮ್ ಸಿಗ್ನಲ್ ಹಿಡಿದು, ತಾವು ಎಲ್ಲಿದ್ದೀವಿ ಅಂತ ಗುರುತು ಹಾಕೋರು. ಗಡಿಯಾರ ನಾಲ್ಕು ಸೆಕೆಂಡ್ ತಪ್ಪಿದರೆ ಜಾಗ ಒಂದೂವರೆ ಕಿಲೋಮೀಟರಿಗೂ ಹೆಚ್ಚು ತಪ್ಪುತ್ತೆ. ಸರ್ವೇ ಕ್ಯಾಂಪಿನಲ್ಲಿ ಥಿಯೋಡೊಲೈಟ್ ಹೊತ್ತು ಬೈಕೊಂಡವರು ಇದನ್ನ ಒಂದ್ಸಲ ಯೋಚಿಸಿ.

ನಾಲ್ಕನೇದೇ ಆ ಗುಜರಿ ಅಂಗಡಿಯ ತಗಡು. ಮೊದಲ ಮಹಾಯುದ್ಧದಲ್ಲಿ ಕಂದಕದ ಮನೆಗಳಿಗೆ ಮಾಡು ಹೊದಿಸೋಕೆ ಮಾಡಿದ್ದ ಉಕ್ಕಿನ ದೋಣಿಯಾಕಾರದ ಪಟ್ಟಿ. ಚಕ್ರ ಹೂತಾಗ ಮರಳು ಕೆರೆದು ಹಿಂದಿನ ಚಕ್ರದ ಮುಂದೆ ಇದನ್ನ ಇಟ್ಟರೆ ಚಕ್ರಕ್ಕೆ ಹಿಡಿತ ಸಿಗುತ್ತೆ, ಗಾಡಿಗೆ ವೇಗ ಬರುತ್ತೆ. ಮುಂದಿನ ಚಕ್ರಕ್ಕೆ ಹಗ್ಗದ ಏಣಿ. ಜೊತೆಗೆ ಟಯರಿನ ಗಾಳಿ ಇಳಿಸೋದು. ಟಯರು ನೆಲಕ್ಕೆ ಒತ್ತುವ ಒತ್ತಡ ಹೆಚ್ಚುಕಮ್ಮಿ ಅದರೊಳಗಿನ ಗಾಳಿಯ ಒತ್ತಡದಷ್ಟೇ ಇರುತ್ತೆ. ಗಾಳಿ ಅರ್ಧಕ್ಕೆ ಇಳಿಸಿದರೆ ನೆಲ ಮುಟ್ಟುವ ಜಾಗ ಎರಡರಷ್ಟು ಆಗುತ್ತೆ, ಒಂಟೆ ಪಾದದ ಹಾಗೆ. ಫೋರ್ ವೀಲ್ ಡ್ರೈವ್ ಇಲ್ಲದೆ, ವಿಂಚ್ ಇಲ್ಲದೆ, ಜಿಪಿಎಸ್ ಇಲ್ಲದೆ ಇಷ್ಟರಲ್ಲೇ ಹೋಗಿಬಂದರು. ಒಂದೇ ಗಾಡಿ ಯಾವತ್ತೂ ಹೋಗಲಿಲ್ಲ ಅನ್ನೋದನ್ನೂ ಗಮನಿಸಿ. ಒಂದು ಕೆಟ್ಟರೆ ಅದರ ಜನ, ನೀರು ಹೊರೋಕೆ ಉಳಿದವು ಇರಬೇಕು. ಹತ್ತಿರದ ಬಾವಿ ಮುನ್ನೂರು ಕಿಲೋಮೀಟರ್ ದೂರ ಇರುವ ಜಾಗದಲ್ಲಿ ಒಂದು ಆಕ್ಸಲ್ ಮುರಿದರೆ ಅದು ಬರೀ ರಿಪೇರಿ ವಿಷಯ ಅಲ್ಲ, ಎಲ್ಲರ ಜೀವದ ವಿಷಯ.

ಇನ್ನು ದಿಬ್ಬ ಹತ್ತೋದು. ಎದುರಿಗೆ ಹಳದಿ ಗೋಡೆ ಹಾಗೆ ಮರಳು ನಿಂತಿದ್ದಾಗ ಯಾರಿಗಾದರೂ ನಿಧಾನ ಮಾಡಬೇಕು ಅನ್ನಿಸುತ್ತೆ. ನಿಧಾನ ಮಾಡಿದವರೆಲ್ಲ ಹೂತುಹೋದರು. ಬ್ಯಾಗ್ನಾಲ್ಡ್ ಒಂದು ಸಲ ತಿರುಗಾ ಮುರುಗಾ ಲೆಕ್ಕ ಹಾಕದೆ ಪೂರ್ತಿ ವೇಗದಲ್ಲಿ ನುಗ್ಗಿಸಿದರು. ಕಾರು ಅಲುಗಾಡದೆ ಲಿಫ್ಟಿನಲ್ಲಿ ಹೋದ ಹಾಗೆ ಮೇಲೆ ಹೋಗಿ ನಿಂತಿತು. ಗಾಳಿ ಬಡಿಯುವ ಕಡೆಯ ಇಳಿಜಾರು ಗಟ್ಟಿ ಇರುತ್ತೆ, ವೇಗ ಇದ್ದರೆ ಗಾಡಿ ಅದರ ಮೇಲೆ ತೇಲುತ್ತೆ ಅಂತ ಅವತ್ತು ಗೊತ್ತಾಯಿತು. ಅಪಾಯ ಇರೋದು ತುದಿಯ ಆಚೆ. ಅಲ್ಲಿ ಮರಳು ಸುಮಾರು 34 ಡಿಗ್ರಿಯಲ್ಲಿ ಜಾರಿ ಬಿದ್ದಿರುತ್ತೆ, ಹಿಟ್ಟಿನ ಹಾಗೆ ಸಡಿಲ. ಮೇಲೆ ಹತ್ತಿದ ವೇಗದಲ್ಲೇ ತುದಿ ದಾಟಿದರೆ ಗಾಡಿ ಪಲ್ಟಿ. ತುದಿ ಹತ್ತಿರ ತಿರುಗಿಸಿ ನಿಲ್ಲಿಸಬೇಕು, ಅದೂ ಮತ್ತೆ ಇಳಿಜಾರಿಗೇ ಮುಖ ಮಾಡಿ. ಇವತ್ತು ರಾಜಸ್ಥಾನಕ್ಕೋ ದುಬೈಗೋ ಮರಳಲ್ಲಿ ಓಡಿಸೋಕೆ ಹೋಗುವವರಿಗೆ ಮೊದಲ ದಿನ ಹೇಳಿಕೊಡೋದು ಇದನ್ನೇ.

ಈ ಗುಂಪಿನ ತಲೆಯಲ್ಲಿ ಇನ್ನೊಂದು ಹುಳ ಇತ್ತು, ಜೆರ್ಜುರಾ. ಅರಬ್ಬರ ಹಳೇ ಕಥೆಗಳಲ್ಲಿ ಬರುವ, ಮರಳಿನಲ್ಲಿ ಕಳೆದುಹೋದ ಓಯಸಿಸ್. 1930ರಲ್ಲಿ ಸುಡಾನಿನ ವಾದಿ ಹಲ್ಫಾದಲ್ಲಿ ಕೂತು ಇವರೆಲ್ಲ ಸೇರಿ ಜೆರ್ಜುರಾ ಕ್ಲಬ್ ಅಂತ ಒಂದು ಕ್ಲಬ್ ಮಾಡಿಕೊಂಡರು. ಸಂವಿಧಾನ ಇಲ್ಲ, ಫೀಸ್ ಇಲ್ಲ. ಲಿಬಿಯನ್ ಮರುಭೂಮಿಯಲ್ಲಿ ಹುಡುಕಾಡಿದವರೆಲ್ಲ ಮೆಂಬರು. ಇದೇ ಮರುಭೂಮಿಯಲ್ಲಿ ಹಂಗೆರಿಯ ಲಾಸ್ಲೊ ಅಲ್ಮಾಸಿ ಕೂಡ ಓಡಾಡುತ್ತಿದ್ದರು. 'ದಿ ಇಂಗ್ಲಿಷ್ ಪೇಷಂಟ್' ಸಿನಿಮಾ ನೋಡಿದ್ದರೆ, ಅದರ ನಾಯಕನ ಹಿಂದಿರುವ ನಿಜವಾದ ಮನುಷ್ಯ ಇವರೇ. 1932ರಲ್ಲಿ ಅಲ್ಮಾಸಿ, ಬ್ರಿಟಿಷ್ ಸರ್ವೇಯರ್ ಪ್ಯಾಟ್ ಕ್ಲೇಟನ್ ಒಂದೇ ತಂಡದಲ್ಲಿ ಗಿಲ್ಫ್ ಕಬೀರ್ ಪ್ರಸ್ಥಭೂಮಿ ಸುತ್ತಿದ್ದರು. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತವೆ.

ಬ್ಯಾಗ್ನಾಲ್ಡ್ 1935ರಲ್ಲಿ ಈ ಪ್ರಯಾಣಗಳ ಬಗ್ಗೆ 'ಲಿಬಿಯನ್ ಸ್ಯಾಂಡ್ಸ್' ಅಂತ ಪುಸ್ತಕ ಬರೆದರು. ಅದರ ಉಪಶೀರ್ಷಿಕೆಯಲ್ಲಿ ಆ ಜಾಗವನ್ನ ಸತ್ತ ಲೋಕ ಅಂತ ಕರೆದಿದ್ದಾರೆ. ಈ ಒಂದು ವಿಷಯದಲ್ಲಿ ನನಗೆ ಅವರ ಮೇಲೆ ತಕರಾರಿದೆ. 1931ರಲ್ಲಿ ಇಟಲಿಯ ಸೇನೆ ಕುಫ್ರಾ ಓಯಸಿಸ್ ಹಿಡಿದಾಗ ಅಲ್ಲಿನ ಜನ ಹೆಂಗಸರು ಮಕ್ಕಳ ಸಮೇತ ಇದೇ ಮರುಭೂಮಿಗೆ ಓಡಿದರು. ಎಷ್ಟೋ ಜನ ಬಾಯಾರಿ ದಾರಿಯಲ್ಲೇ ಸತ್ತರು. ಸರ್ವೇಗೆ ಹೋಗಿದ್ದ ಕ್ಲೇಟನ್ ತಮ್ಮ ಗಾಡಿಗಳಲ್ಲಿ ಕೆಲವರನ್ನ ಉಳಿಸಿದರು. ಒಬ್ಬರಿಗೆ ರಜೆಯ ಟ್ರಿಪ್ ಆದ ಮರಳು ಇನ್ನೊಬ್ಬರಿಗೆ ಜೀವ ಉಳಿಸಿಕೊಳ್ಳೋ ಕೊನೇ ದಾರಿ. ಸತ್ತ ಲೋಕ ಅದಾಗಿರಲಿಲ್ಲ.

ಅಷ್ಟು ಹೊತ್ತಿಗೆ ಬ್ಯಾಗ್ನಾಲ್ಡ್ ಜೀವನವೇ ತಿರುವು ತಗೊಂಡಿತ್ತು. ಪೂರ್ವ ಏಷ್ಯಾದ ಪೋಸ್ಟಿಂಗ್‌ನಲ್ಲಿ ಸ್ಪ್ರೂ ಅನ್ನುವ ಕರುಳಿನ ಕಾಯಿಲೆ ಹಿಡಿದು, ಸೇನೆಯ ಕೆಲಸಕ್ಕೆ ಆಗಲ್ಲ ಅಂತ 1935ರಲ್ಲಿ ನಿವೃತ್ತಿ. ವಯಸ್ಸು ಮೂವತ್ತೊಂಬತ್ತು. ಮದುವೆ ಆಗಿಲ್ಲ, ಕೆಲಸ ಇಲ್ಲ. ಬೇರೆಯವರಾಗಿದ್ದರೆ ಏನು ಮಾಡ್ತಿದ್ರೋ, ಇವರು ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋಗಿ ಒಂದಿಷ್ಟು ಜಾಗ ಕೇಳಿ, ಮರ, ಗಾಜು ಹಾಕಿ ತಮ್ಮ ಕೈಯಾರೆ ಒಂದು ವಿಂಡ್ ಟನಲ್ ಕಟ್ಟಿ ಅದರೊಳಗೆ ಮರಳು ಸುರಿದು ಗಾಳಿ ಬಿಟ್ಟರು. ಪಿಎಚ್‌ಡಿ ಇಲ್ಲ, ಪ್ರೊಫೆಸರ್ ಹುದ್ದೆ ಇಲ್ಲ. ಮರಳು ಯಾಕೆ ದಿಬ್ಬ ಆಗುತ್ತೆ ಅನ್ನೋ ಪ್ರಶ್ನೆ ಮಾತ್ರ ಇತ್ತು.

ಅವರು ಕಂಡುಕೊಂಡಿದ್ದು ಹೀಗೆ. ಮರಳು ಧೂಳಿನ ಹಾಗೆ ಗಾಳಿಯಲ್ಲಿ ತೇಲಲ್ಲ. ಒಂದು ಕಾಳು ನೆಲ ಬಿಟ್ಟು ಎಗರುತ್ತೆ, ಗಾಳಿ ಅದಕ್ಕೆ ವೇಗ ಕೊಡುತ್ತೆ, ಅದು ಬಾಗಿದ ದಾರಿಯಲ್ಲಿ ಬಂದು ನೆಲಕ್ಕೆ ಬಡಿಯುತ್ತೆ, ಆ ಪೆಟ್ಟಿಗೆ ಬೇರೆ ಕಾಳುಗಳು ಎಗರುತ್ತವೆ. ಒಗ್ಗರಣೆ ಬಾಣಲೆಯಲ್ಲಿ ಸಾಸಿವೆ ಸಿಡಿಯೋ ಹಾಗೆ. ಹೀಗೆ ಬಡಿಯುವ ಒಂದು ಕಾಳು ತನ್ನ ಆರು ಪಟ್ಟು ವ್ಯಾಸದ, ಅಂದರೆ ಇನ್ನೂರು ಪಟ್ಟು ತೂಕದ ಕಾಳನ್ನ ತಳ್ಳಬಲ್ಲದು. ಮರಳು ಎಗರೋಕೆ ಶುರುವಾಗಲು ಒಂದು ಮಟ್ಟದ ಗಾಳಿ ಬೇಕು. ಒಮ್ಮೆ ಶುರುವಾದರೆ ಅದಕ್ಕಿಂತ ಕಮ್ಮಿ ಗಾಳಿಯಲ್ಲೂ ಆಟ ಮುಂದುವರಿಯುತ್ತೆ. ಗಾಳಿ ನೆಲದ ಮೇಲೆ ಉಜ್ಜುವ ಬಲವನ್ನ ವೇಗದ ಅಳತೆಗೆ ತಂದರೆ, ಸಾಗುವ ಮರಳಿನ ಪ್ರಮಾಣ ಅದರ ಘನಕ್ಕೆ ಅನುಪಾತ. ಆ ವೇಗ ಎರಡರಷ್ಟಾದರೆ ಮರಳು ಎಂಟರಷ್ಟು. ಅಂದರೆ ವರ್ಷವೆಲ್ಲ ಬೀಸುವ ತಂಗಾಳಿಗಿಂತ ನಾಲ್ಕು ದಿನದ ಬಿರುಗಾಳಿಯೇ ದಿಬ್ಬವನ್ನ ಹೆಚ್ಚು ದೂರ ತಳ್ಳುತ್ತೆ.

ಕಾರು ಯಾಕೆ ಹತ್ತಿತು ಅನ್ನೋದಕ್ಕೂ ಉತ್ತರ ಇಲ್ಲೇ ಇದೆ. ಗಾಳಿ ಕಡೆಯ ಮೈಯಲ್ಲಿ ಒಂದೊಂದು ಕಾಳೂ ಪೆಟ್ಟು ತಿಂದು ತಿಂದು ಬಿಗಿಯಾಗಿ ಕೂತಿರುತ್ತೆ. ಆಚೆ ಮೈಯಲ್ಲಿ ಸುಮ್ಮನೆ ಜಾರಿ ಬಿದ್ದಿರುತ್ತೆ, ಅದಕ್ಕೇ ಸಡಿಲ. ಚಕ್ರದಿಂದ ಕಲಿತಿದ್ದನ್ನ ಹತ್ತು ವರ್ಷದ ಮೇಲೆ ಟನಲ್‌ನಲ್ಲಿ ನೋಡಿದರು. 1938ರಲ್ಲಿ ಉಪಕರಣ ಹೊತ್ತು ಮತ್ತೆ ಅದೇ ಮರುಭೂಮಿಗೆ ಹೋಗಿ ನಿಜವಾದ ಮರಳಿನ ಬಿರುಗಾಳಿಯಲ್ಲಿ ಕೂತು ಅಳತೆ ಮಾಡಿ, ಟನಲ್ ಲೆಕ್ಕ ಸರಿ ಇದೆಯಾ ಅಂತ ನೋಡಿದರು. 1941ರಲ್ಲಿ ಬಂದ 'ದಿ ಫಿಸಿಕ್ಸ್ ಆಫ್ ಬ್ಲೋನ್ ಸ್ಯಾಂಡ್ ಅಂಡ್ ಡೆಸರ್ಟ್ ಡ್ಯೂನ್ಸ್' ಇವತ್ತಿಗೂ ಆ ವಿಷಯದ ಮೂಲ ಪುಸ್ತಕ.

ನಮಗೆ ಇದು ದೂರದ ವಿಷಯ ಅನ್ನಿಸಬಹುದು. ಚನ್ನಪಟ್ಟಣದಿಂದ ಮದ್ದೂರು, ಮಳವಳ್ಳಿ ಮೇಲೆ ಹೋದರೆ ತಲಕಾಡು. ಅಲಮೇಲಮ್ಮನ ಶಾಪದ ಕಥೆ ಎಲ್ಲರಿಗೂ ಗೊತ್ತು. ಕಾವೇರಿಯ ತಿರುವಿನಲ್ಲಿ ಬೇಸಿಗೆಗೆ ಬತ್ತಿ ಒಣಗಿದ ಮರಳು ಗಾಳಿಗೆ ಎಗರಿ ಎಗರಿ ದೇವಸ್ಥಾನಗಳನ್ನ ಮುಚ್ಚಿದ್ದು, ಬ್ಯಾಗ್ನಾಲ್ಡ್ ಹೇಳಿದ ಅದೇ ಕಾಳಿನ ಆಟ. ಮೇಲಿನ ಕಟ್ಟೆಯಿಂದ ನೀರು ಕಮ್ಮಿಯಾಗಿ ಮರಳು ಬಯಲಾಯ್ತು ಅಂತ ಸಂಶೋಧಕರು ಹೇಳೋದೂ ಈ ಲೆಕ್ಕಕ್ಕೆ ಕೂಡುತ್ತೆ, ಒದ್ದೆ ಮರಳು ಎಗರಲ್ಲ ಅಲ್ವಾ. ಇನ್ನೊಂದು ಮಾತು. ಮರಳಿನ ಕಾಳು ಬಹುಪಾಲು ಕ್ವಾರ್ಟ್ಜ್, ಅದು ಹುಟ್ಟೋದು ಗ್ರಾನೈಟ್‌ನಂಥ ಕಲ್ಲು ಸವೆದು. ನಮ್ಮ ರಾಮದೇವರ ಬೆಟ್ಟ, ಸಾವನದುರ್ಗದ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟಿರುವ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರದ ಹಳೇ ಹೆಸರೇ ಅದು. ಇನ್ನೂರೈವತ್ತು ಕೋಟಿ ವರ್ಷದ ಬಂಡೆ. ಇವತ್ತು ಅಂಥ ಕಲ್ಲನ್ನ ಕ್ರಷರ್‌ಗೆ ಹಾಕಿ ಒಂದು ದಿನದಲ್ಲಿ ಎಂ-ಸ್ಯಾಂಡ್ ಮಾಡ್ತೀವಿ, ನದಿಗೆ ಅದೇ ಕೆಲಸಕ್ಕೆ ಎಷ್ಟೋ ಸಾವಿರ ವರ್ಷ ಹಿಡಿಯುತ್ತೆ.

ಪುಸ್ತಕ ಅಚ್ಚಾಗುವ ಹೊತ್ತಿಗೆ ಬ್ಯಾಗ್ನಾಲ್ಡ್ ಮತ್ತೆ ಸಮವಸ್ತ್ರದಲ್ಲಿದ್ದರು. 1939ರಲ್ಲಿ ಯುದ್ಧ ಶುರುವಾದಾಗ ಅವರನ್ನ ವಾಪಸ್ ಕರೆದು ಪೂರ್ವ ಆಫ್ರಿಕಾಗೆ ಕಳಿಸಿದರು. ಮರುಭೂಮಿ ಗೊತ್ತಿದ್ದವರನ್ನ ಬೇರೆಲ್ಲಿಗೋ ಕಳಿಸೋದು, ಸರ್ಕಾರಿ ವರ್ಗಾವಣೆ ಎಲ್ಲ ಕಡೆ ಹೀಗೇ ಅನ್ಸುತ್ತೆ. ಆದರೆ ಮೆಡಿಟರೇನಿಯನ್‌ನಲ್ಲಿ ಅವರಿದ್ದ ಹಡಗು ಇನ್ನೊಂದು ಹಡಗಿಗೆ ಡಿಕ್ಕಿ ಹೊಡೆದು, ರಿಪೇರಿಗೆ ಈಜಿಪ್ಟಿನ ಪೋರ್ಟ್ ಸೈದ್‌ನಲ್ಲಿ ನಿಲ್ಲಬೇಕಾಯಿತು. ಬ್ಯಾಗ್ನಾಲ್ಡ್ ಹಳೇ ಗೆಳೆಯರನ್ನ ನೋಡೋಕೆ ಕೈರೋಗೆ ಹೋದರು. ಸುದ್ದಿ ಜನರಲ್ ವೇವೆಲ್‌ಗೆ ಮುಟ್ಟಿ, ಅಲ್ಲೇ ಉಳಿಸಿಕೊಂಡರು. ಇದೇ ವೇವೆಲ್ ಮುಂದೆ ನಮ್ಮ ವೈಸ್‌ರಾಯ್ ಆದವರು.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕಿಳಿಯಿತು. ಆಗ ಬ್ಯಾಗ್ನಾಲ್ಡ್ ಕೊಟ್ಟ ಯೋಜನೆಯನ್ನ ವೇವೆಲ್ ಒಪ್ಪಿ ಆರು ವಾರ ಟೈಮ್ ಕೊಟ್ಟರು. ಅದರಲ್ಲೇ ಲಾಂಗ್ ರೇಂಜ್ ಡೆಸರ್ಟ್ ಗ್ರೂಪ್ ಹುಟ್ಟಿತು. ಷೆವರ್ಲೆ ಲಾರಿಗಳು, ಅದೇ ಉಕ್ಕಿನ ಪಟ್ಟಿ, ಅದೇ ಆವಿಯ ಡಬ್ಬ, ಅದೇ ಸೂರ್ಯನ ದಿಕ್ಸೂಚಿ. ಸೈನಿಕರಾಗಿ ಮೊದಲು ಆರಿಸಿಕೊಂಡಿದ್ದು ನ್ಯೂಜಿಲೆಂಡಿನವರನ್ನ. ಬಹಳ ಜನ ರೈತರು, ಗಾಡಿ ರಿಪೇರಿ ಮಾಡಿ ಗೊತ್ತಿದ್ದವರು, ಇದ್ದಿದ್ದರಲ್ಲಿ ಕೆಲಸ ನಡೆಸೋ ಮಂದಿ. ಹಳೇ ಟ್ರಿಪ್ಪಿನ ಗೆಳೆಯರಾದ ಕೆನಡಿ ಶಾ, ಪ್ರೆಂಡರ್‌ಗಾಸ್ಟ್, ಸರ್ವೇಯರ್ ಕ್ಲೇಟನ್ ಎಲ್ಲರೂ ಬಂದು ಸೇರಿದರು. ಶತ್ರುಗಳಿಗೆ ಯಾರೂ ದಾಟಲಾರರು ಅನ್ನಿಸಿದ್ದ ಮರಳು ಸಮುದ್ರವನ್ನ ಇವರು ಬಾಗಿಲು ಮಾಡಿಕೊಂಡರು. ಹಿಂದಿನಿಂದ ಹೋಗಿ ರಸ್ತೆಯಲ್ಲಿ ಎಷ್ಟು ಗಾಡಿ ಹೋದವು ಅಂತ ಎಣಿಸೋದು, ಕೋಟೆ, ವಿಮಾನ ನಿಲ್ದಾಣಗಳ ಮೇಲೆ ದಾಳಿ ಮಾಡೋದು ಇವರ ಕೆಲಸ. ಮುಂದೆ ಭಾರತೀಯ ಸೈನಿಕರ ಒಂದು ಲಾಂಗ್ ರೇಂಜ್ ಸ್ಕ್ವಾಡ್ರನ್ ಕೂಡ ಈ ಪಡೆಯ ಜೊತೆ ಕೆಲಸ ಮಾಡಿತು.

1941ರ ಜನವರಿಯಲ್ಲಿ ಮುರ್ಜುಕ್ ಕೋಟೆಯ ಮೇಲೆ ದಾಳಿ ಆಯಿತು. ಇದಕ್ಕಾಗಿ ಬ್ಯಾಗ್ನಾಲ್ಡ್ ತಾವೇ ಚಾಡ್‌ಗೆ ಹೋಗಿ ಅಲ್ಲಿನ ಫ್ರೆಂಚರನ್ನ ಜೊತೆಗೆ ತಂದಿದ್ದರು. ಅವರ ಕರ್ನಲ್ ಡೊರ್ನಾನೊ ಆ ದಾಳಿಯಲ್ಲೇ ಸತ್ತರು. ಅದೇ ತಿಂಗಳು ಕ್ಲೇಟನ್ ಇಟಲಿಯವರ ಕೈಗೆ ಸೆರೆ ಸಿಕ್ಕರು. ಅಲ್ಮಾಸಿ ಆ ಕಡೆ ಇದ್ದರು, ಜರ್ಮನರ ಜೊತೆ. 1942ರಲ್ಲಿ ಇಬ್ಬರು ಜರ್ಮನ್ ಗೂಢಚಾರರನ್ನ ಇದೇ ಮರುಭೂಮಿ ದಾಟಿಸಿ ನೈಲ್ ಕಣಿವೆಗೆ ಬಿಟ್ಟುಬಂದರು. ಹತ್ತು ವರ್ಷದ ಹಿಂದೆ ಒಂದೇ ಕ್ಯಾಂಪಿನಲ್ಲಿ ನೀರು ಹಂಚಿಕೊಂಡು, ಒಂದೇ ನಕ್ಷೆಗೆ ಗೆರೆ ಎಳೆದವರು. ಖುಷಿಗೆ ಅಂತ ಕಲಿತ ಪ್ರತಿಯೊಂದು ವಿದ್ಯೆಯೂ ಕೊಲ್ಲೋ ಕೆಲಸಕ್ಕೆ ಬಂತು. ಟಯರಿನ ಗಾಳಿ ಇಳಿಸೋದರಿಂದ ಹಿಡಿದು. ನಮ್ಮ ಪ್ರಾಜೆಕ್ಟ್‌ಗಳಲ್ಲಿ ಡ್ರೋನ್ ಮಾಡುವವರು ಇದ್ದಾರೆ, ನನಗೆ ಈ ಭಾಗ ಬರೆಯುವಾಗ ಅವರ ನೆನಪಾಯ್ತು.

1941ರಲ್ಲೇ ಬ್ಯಾಗ್ನಾಲ್ಡ್ ಪಡೆಯನ್ನ ಪ್ರೆಂಡರ್‌ಗಾಸ್ಟ್ ಕೈಗೆ ಕೊಟ್ಟು ಕೈರೋದ ಆಫೀಸಿಗೆ ಹೋದರು. 1944ರಲ್ಲಿ ಬ್ರಿಗೇಡಿಯರ್ ಆಗಿ ಸೇನೆ ಬಿಟ್ಟರು. ಅದೇ ವರ್ಷ ರಾಯಲ್ ಸೊಸೈಟಿಯ ಫೆಲೋ. 1946ರಲ್ಲಿ, ಐವತ್ತನೇ ವಯಸ್ಸಿಗೆ, ಡೊರೋತಿ ಪ್ಲ್ಯಾಂಕ್ ಅವರನ್ನ ಮದುವೆಯಾದರು, ಇಬ್ಬರು ಮಕ್ಕಳು.

ಉಳಿದ ಜೀವನ ಪೂರ್ತಿ ಕಾಳುಗಳದ್ದೇ. ಈಗ ಗಾಳಿ ಬದಲು ನೀರು. ಸಮುದ್ರದ ದಡ, ನದಿಯ ತಳ. ನದಿಯನ್ನ ಅವರು ಒಂದು ಮೆಷಿನ್ ಹಾಗೆ ನೋಡಿದರು. ಇಳಿಜಾರಿನಲ್ಲಿ ಹರಿಯುವ ನೀರಿಗೆ ಇಷ್ಟು ಶಕ್ತಿ ಇದೆ, ಅದರಲ್ಲಿ ಒಂದು ಪಾಲು ಮರಳು ಹೊರೋಕೆ ಖರ್ಚಾಗುತ್ತೆ, ಹಾಗಾದರೆ ದಕ್ಷತೆ ಎಷ್ಟು? ಎಂಜಿನಿಯರ್ ಮಾತ್ರ ಕೇಳುವಂಥ ಪ್ರಶ್ನೆ. 1966ರಲ್ಲಿ ಅಮೆರಿಕದ ಭೂವೈಜ್ಞಾನಿಕ ಸರ್ವೇ ಪ್ರಕಟಿಸಿದ ಅವರ ಪ್ರಬಂಧ ಈ ವಿಚಾರದ್ದು. ಮೇಕೆದಾಟಿನಲ್ಲಿ ಕಾವೇರಿ ಬಂಡೆಯೊಳಗೆ ಕೊರೆದಿರುವ ಗುಂಡಿಗಳನ್ನ ನೋಡಿದಾಗ, ನೀರಿನ ಜೊತೆ ಸುತ್ತಿ ಸುತ್ತಿ ಬಡಿದ ಮರಳು, ಕಲ್ಲು ಈ ಕೆಲಸ ಮಾಡಿದ್ದು ಅಂತ ಗೊತ್ತಾಗುತ್ತೆ. ಅವರು ಮಾಡಿದ್ದೆಲ್ಲ ಸರಿ ಅಂತಲೂ ಇಲ್ಲ. ಮೇಣದ ಗುಂಡುಗಳನ್ನ ದ್ರವದಲ್ಲಿ ತಿರುಗಿಸಿ ಮಾಡಿದ 1954ರ ಅವರ ಪ್ರಸಿದ್ಧ ಪ್ರಯೋಗವನ್ನ 2002ರಲ್ಲಿ ಬೇರೆಯವರು ಮತ್ತೆ ಪರೀಕ್ಷಿಸಿ, ಯಂತ್ರದ ಅಳತೆಯಿಂದಲೇ ಫಲಿತಾಂಶ ಏರುಪೇರಾಗಿತ್ತು ಅಂತ ತೋರಿಸಿದರು. ಅರ್ಧ ಶತಮಾನ ಆದಮೇಲೂ ಒಬ್ಬರ ಪ್ರಯೋಗವನ್ನ ಕೂತು ಮತ್ತೆ ಲೆಕ್ಕ ಹಾಕ್ತಾರೆ ಅಂದರೆ ಅದೂ ಒಂದು ಮರ್ಯಾದೆನೇ.

1977ರಲ್ಲಿ, ಎಂಬತ್ತು ದಾಟಿದ ಮೇಲೆ, ನಾಸಾದವರು ಮಂಗಳನ ಮರಳಿನ ಬಗ್ಗೆ ಮಾತಾಡೋಕೆ ಅವರನ್ನ ಕರೆಸಿದರು. ಆಗಷ್ಟೇ ವೈಕಿಂಗ್ ನೌಕೆಗಳು ಅಲ್ಲಿನ ಚಿತ್ರ ಕಳಿಸಿದ್ದವು. 1990ರ ಮೇ 28ರಂದು, ತೊಂಬತ್ನಾಲ್ಕನೇ ವಯಸ್ಸಿನಲ್ಲಿ ಬ್ಯಾಗ್ನಾಲ್ಡ್ ತೀರಿಕೊಂಡರು. ಆತ್ಮಕಥೆ ಅವರು ಹೋದ ಮೇಲೆ ಅಚ್ಚಾಯಿತು. 2015ರ ಕೊನೆಗೆ ಕ್ಯೂರಿಯಾಸಿಟಿ ರೋವರ್ ಮಂಗಳದ ಗೇಲ್ ಕುಳಿಯಲ್ಲಿ ಒಂದು ಕಪ್ಪು ಮರಳಿನ ದಿಬ್ಬದ ಸಾಲಿಗೆ ಬಂತು. ಭೂಮಿಯ ಆಚೆ, ಈಗಲೂ ಗಾಳಿಗೆ ಚಲಿಸುತ್ತಿರುವ ದಿಬ್ಬಗಳನ್ನ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಆ ಸಾಲಿನ ಹೆಸರು ಬ್ಯಾಗ್ನಾಲ್ಡ್ ದಿಬ್ಬಗಳು. ರೋವರ್ ಒಂದು ಚಕ್ರವನ್ನ ಮರಳಿನ ಮೇಲೆ ಹತ್ತಿಸಿ, ಗೀರಿ, ಒಳಗೆ ಕಾಳು ಹೇಗೆ ಕೂತಿದೆ ಅಂತ ಫೋಟೋ ತೆಗೆಯಿತು.